ಕೆಂಪು ಬಾವುಟ ಎತ್ತದವನಿಗೆ

ವಿಲಾ ರೆಯಾಲ್,
ರೇಸ್ ಮುಗಿದ ಸೋಮವಾರ

ಅಬೀಲಿಯು ಅಣ್ಣನಿಗೆ,

ನಿನ್ನ ತಂಗಿ ಜುಲ್ಮೀರಾ ಬರೆಯುತ್ತಿದ್ದೇನೆ. ನನ್ನ ಅಕ್ಷರ ಓದಲಾಗದಿದ್ದರೂ ನಿನ್ನ ಮೊಮ್ಮಕ್ಕಳ ಕೈಗೆ ಕೊಡಬೇಡ. ಇದು ನೀನೊಬ್ಬನೇ ಓದಬೇಕಾದದ್ದು.

ಎಷ್ಟೋ ವರ್ಷ ನಿಂತುಹೋಗಿದ್ದ ಕಾರು ರೇಸ್ ನಮ್ಮೂರಿಗೆ ಮತ್ತೆ ಬಂದಿರುವುದು ನಿನಗೂ ತಿಳಿದಿರಬಹುದು. ಮೂರು ದಿನ ಊರೆಲ್ಲ ಬ್ಯಾಂಡು, ಬಾಲ್ಕನಿಗಳ ತುಂಬ ಬಣ್ಣದ ಬಟ್ಟೆ. ಬೇಕರಿ ಮುಂದೆ ಮಾಂಸ ತುಂಬಿದ ಕೊವಿಲ್ಯೆತೆ ಕಡುಬಿಗಾಗಿ ಬೆಳಗ್ಗೆಯೇ ಸಾಲು. ಈ ಸಲ ಹಳೆಯ ಫೋಟೋಗಳ ಪ್ರದರ್ಶನವೊಂದನ್ನೂ ಇಟ್ಟಿದ್ದರು. ಅದರಲ್ಲಿ ನೀನಿದ್ದೆ. ರೈಲ್ವೆ ಗೇಟಿನ ಹತ್ತಿರ, ಹುಲ್ಲಿನ ಪಿಂಡಿಗಳ ಹಿಂದೆ, ರೇಸ್ ಕಾವಲಿನವರ ಪಟ್ಟಿ ತೋಳಿಗೆ ಕಟ್ಟಿಕೊಂಡು, ಕೈಯಲ್ಲಿ ಚಾಲಕರನ್ನು ಎಚ್ಚರಿಸುವ ಹಳದಿ ಬಾವುಟ. ನನ್ನ ಪಕ್ಕದಲ್ಲಿದ್ದ ಒಬ್ಬಾತ ಹೆಂಡತಿಗೆ ಹೇಳಿದ, "ಇವನೇ ನೋಡು, ರೇಸ್ ನಿಲ್ಲಿಸಲ್ಲ ಅಂತ ತಂಗಿ ಮಗೂನ ಕೊಂದೋನು." ಅವನಿಗೆ ಮೂವತ್ತು ವರ್ಷವೂ ಇರಲಿಕ್ಕಿಲ್ಲ. ಅವನು ಹುಟ್ಟುವ ಮೊದಲೇ ನೀನು ಊರು ಬಿಟ್ಟಿದ್ದೆ.

ಎಪ್ಪತ್ತೆರಡರ ಆ ಜುಲೈ ನಿನಗೆ ನಾನು ನೆನಪಿಸಬೇಕಿಲ್ಲ. ಆದರೆ ಶನಿವಾರದ ವಿಷಯ ನಿನಗೆ ಗೊತ್ತಿಲ್ಲ. ನಿನ್ನೆಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ.

ನನಗೆ ಎಂಟು ತಿಂಗಳು ತುಂಬಿತ್ತು. ಬೆಲ್ಮೀರು ಅಂಗೋಲಾದ ಯುದ್ಧದಲ್ಲಿದ್ದ. ತಿಂಗಳುಗಟ್ಟಲೆ ಗಂಡನ ಕಾಗದಕ್ಕೆ ಕಾಯುತ್ತ ಅಮ್ಮನ ಮನೆಯಲ್ಲಿ ಕೂತಿದ್ದವಳಿಗೆ ಆ ಮೂರು ದಿನವೇ ಹಬ್ಬ. ಶುಕ್ರವಾರ ಮಗು ಒಂದೆರಡು ಸಲ ಮಿಸುಕಿತು, ಅಷ್ಟೆ. ಶನಿವಾರ ಅದೂ ಇಲ್ಲ. ಸಂಜೆ ಸೂಲಗಿತ್ತಿ ಎಫೇಮಿಯಾ ಮೆಟ್ಟಿಲ ಮೇಲೆ ಸಿಕ್ಕಿ ಹೊಟ್ಟೆ ಮುಟ್ಟಿ ನೋಡಿದಳು. "ಇವತ್ತು ಒದೀಲಿಲ್ವೇನೇ? ನಾಳೆ ರೇಸಿಗೆ ರಸ್ತೆ ಮುಚ್ಚೋಕ್ ಮುಂಚೆ ಎದ್ದು ಆಸ್ಪತ್ರೆಗೆ ಹೋಗು. ಮುಚ್ಚಿದ್ಮೇಲೆ ಆ ಕಡೆಗೆ ದಾಟೋಕಾಗಲ್ಲ."

ನಾನು ಹೋಗಲಿಲ್ಲ. ಭಾನುವಾರ ಬೆಳಗ್ಗೆ ಮನೆ ತುಂಬ ನೆಂಟರು. ರೇಸ್ ಚೆನ್ನಾಗಿ ಕಾಣುವ ಬಾಲ್ಕನಿಯ ಮೂಲೆಯ ಕುರ್ಚಿಯನ್ನು ಅಮ್ಮ ನನಗೇ ಇಟ್ಟಿದ್ದಳು. ಹೊಸ ನೀಲಿ ಅಂಗಿ ತೊಟ್ಟಿದ್ದೆ. ಆಸ್ಪತ್ರೆಗೆ ಹೋದರೆ ಆ ಕುರ್ಚಿ ಹೋಗುತ್ತದೆ ಅನ್ನಿಸಿತು, ಅಣ್ಣ. ಬೇರೆ ಯಾವ ಕಾರಣವೂ ಇರಲಿಲ್ಲ. ಮಗು ನಿದ್ದೆ ಮಾಡುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನ ರಕ್ತ ಕಾಣಿಸಿತು. ಅಮ್ಮ ನನ್ನನ್ನು ಹೆಗಲಿಗೆ ಆನಿಸಿಕೊಂಡು ನೀನು ಕಾವಲಿದ್ದ ರೈಲ್ವೆ ಗೇಟಿಗೆ ಕರೆತಂದಳು. ಆಸ್ಪತ್ರೆ ಆಚೆಗಿತ್ತು, ನಡುವೆ ಕಾರುಗಳು. ನೀನು ರೇಸ್ ಅಧಿಕಾರಿಗಳಿಗೆ ಫೋನಿನಲ್ಲಿ ಗೋಗರೆದದ್ದನ್ನು ನಾನು ಕೇಳಿದ್ದೇನೆ. "ನನ್ ತಂಗಿ ಸ್ವಾಮಿ, ರಕ್ತ ಹೋಗ್ತಿದೆ." ಆ ಕಡೆಯಿಂದ ಬಂದ ಉತ್ತರ ನಿನ್ನ ಮುಖದಲ್ಲೇ ಕಾಣಿಸಿತು. ರೇಸ್ ನಿಲ್ಲಿಸುವ ಕೆಂಪು ಬಾವುಟ ಎತ್ತಲು ಮೇಲಿನವರ ಅಪ್ಪಣೆ ಬೇಕು, ರೇಸ್ ಮುಗಿಯಲಿ, ಆಮೇಲೆ ಆಂಬುಲೆನ್ಸ್ ಬರುತ್ತದೆ.

"ಇನ್ನೂ ಹದಿನಾರು ಸುತ್ತಮ್ಮ, ಸ್ವಲ್ಪ ತಡ್ಕೊ. ತಿರುವಿನಾಚೆಯಿಂದ ಬರೋರಿಗೆ ನಾವು ಕಾಣಲ್ಲ. ಈಗ ದಾಟಿದ್ರೆ ಇಬ್ರೂ ಉಳಿಯಲ್ಲ," ಎಂದೆ ನೀನು.

"ಮತ್ತೆ ನಿನ್ ಕೈಲಿರೋ ಬಾವುಟ ಏನಕ್ಕೋ, ನೊಣ ಓಡ್ಸೋಕಾ?" ಎಂದಳು ಅಮ್ಮ.

ನೀನು ಕೋಟು ಬಿಚ್ಚಿ ಹುಲ್ಲಿನ ಪಿಂಡಿಯ ಮೇಲೆ ಹಾಸಿ ನನ್ನನ್ನು ಮಲಗಿಸಿದೆ. ಒಂದು ಕೈಯಲ್ಲಿ ನನ್ನ ಕೈ ಹಿಡಿದಿದ್ದೆ. ಕಾರುಗಳ ಸದ್ದು ಬಂದಾಗಲೆಲ್ಲ ಅದನ್ನು ಬಿಟ್ಟು ರಸ್ತೆ ಕಡೆಗೆ ತಿರುಗುತ್ತಿದ್ದೆ, ಮತ್ತೆ ಬಂದು ಹಿಡಿಯುತ್ತಿದ್ದೆ. ನಿನ್ನ ಅಂಗೈ ಒದ್ದೆಯಾಗಿತ್ತು. ನಲವತ್ತು ನಿಮಿಷ.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವನ್ನು ನೋಡಿ, ಆಮೇಲೆ ನನ್ನ ಮುಖ ನೋಡಿ ಕೇಳಿದರು, "ಯಾವಾಗಿಂದ ಅಲುಗಾಡ್ತಿರಲಿಲ್ಲಮ್ಮ?" ನಾನು ಹೇಳಿದೆ. "ಇದು ಹೋಗಿ ಒಂದು ದಿನದ ಮೇಲಾಗಿದೆ. ಇವತ್ತು ಎಷ್ಟು ಬೇಗ ಬಂದಿದ್ರೂ ಏನೂ ಆಗ್ತಿರಲಿಲ್ಲ," ಎಂದರು. ಅವರು ಹೊರಗೆ ಹೋದ ಮೇಲೆ ಅಮ್ಮ ಒಳಗೆ ಬಂದಳು. "ತಡ ಆಯ್ತಂತಾ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.

ಅಷ್ಟೇ ನಾನು ಮಾಡಿದ್ದು. ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಲಿಲ್ಲ. ಮಿಕ್ಕಿದ್ದನ್ನೆಲ್ಲ ಊರೇ ಹೇಳಿಕೊಂಡಿತು. "ಈ ಮನೆ ಒಲೆ ಮೇಲೆ ಇನ್ಮೇಲೆ ನಿನಗೆ ಸೂಪು ಬೇಯಲ್ಲ," ಎಂದು ಅಮ್ಮ ನಿನ್ನ ಬಟ್ಟೆಗಳನ್ನು ಅಂಗಳಕ್ಕೆ ಎಸೆದಾಗ ನಾನು ಕಿಟಕಿಯ ಹಿಂದೆಯೇ ನಿಂತಿದ್ದೆ. ಕಾಫಿ ಅಂಗಡಿಯಲ್ಲಿ ನಿನ್ನನ್ನು ಕಂಡರೆ, "ಅಬೀಲಿಯು, ಆ ಸಕ್ಕರೆ ಈ ಕಡೆ ದಾಟಿಸ್ತೀಯೋ, ರೇಸ್ ಮುಗೀಬೇಕೋ?" ಎಂದು ನಗುತ್ತಿದ್ದರಂತೆ. ಚಳಿಗಾಲಕ್ಕೆ ಮೊದಲೇ ನೀನು ಗಡಿಯ ಬೆಟ್ಟಗಳನ್ನು ಕದ್ದುಮುಚ್ಚಿ ದಾಟಿ ಫ್ರಾನ್ಸಿಗೆ ಹೋದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಬೆಲ್ಮೀರು ಬಂದ, ಅವನಿಗೂ ಹೇಳಲಿಲ್ಲ. ಅವನು ಸಾಯುವವರೆಗೂ ನಿನ್ನ ಹೆಸರೆತ್ತಿದರೆ ಉಗುಳುತ್ತಿದ್ದ. ಅಮ್ಮನೂ ಹಾಗೆಯೇ ಕಣ್ಣು ಮುಚ್ಚಿದಳು. ಅವಳ ಮಣ್ಣಿಗೆ ಬಂದವನು ನೀನು ಸ್ಮಶಾನದ ಗೇಟಿನ ಹೊರಗೇ ಟೋಪಿ ಹಿಡಿದು ನಿಂತಿದ್ದನ್ನು ನೋಡಿದೆ. ಒಳಗೆ ಬಾ ಎಂದು ಕರೆಯಲಿಲ್ಲ. ಕರೆದರೆ ಎಲ್ಲವನ್ನೂ ಹೇಳಬೇಕಾದೀತೆಂದು ಹೆದರಿದೆ.

ನಿನ್ನೆ ಪ್ರದರ್ಶನದಲ್ಲಿ ಹಳಬರ ನೆನಪುಗಳನ್ನು ಬರೆದುಕೊಳ್ಳುತ್ತಿದ್ದ ಲಿಯೊನೀಲ್ದೆ ಎಂಬ ಹುಡುಗಿಯ ಮುಂದೆ ಕೂತು ಇದನ್ನೆಲ್ಲ ಹೇಳಿದೆ. ಅವಳು ಬರೆಯುವುದನ್ನು ನಿಲ್ಲಿಸಿದಳು.

"ಅಜ್ಜಿ, ಇದು ನಿಮ್ಮಣ್ಣನಿಗೆ ಗೊತ್ತಾ?"

"ಇಲ್ಲ."

"ಹಾಗಾದ್ರೆ ನಾನು ಈಗ ಬರ್ಕೊಳಲ್ಲ. ಮೊದ್ಲು ಅವರಿಗೆ ಹೇಳಿ."

ಅದಕ್ಕೇ ಈ ಕಾಗದ. ಇನ್ನೊಂದು ಮಾತು ಉಳಿದಿದೆ, ಇದೇ ಎಲ್ಲಕ್ಕಿಂತ ಕಷ್ಟದ್ದು. ಅಮ್ಮ ಹೋದ ಮರುವರ್ಷ, ನಾನು ನಿನ್ನನ್ನು ಕ್ಷಮಿಸಿದ್ದೇನೆ ಎಂದು ಯಾರದೋ ಕೈಯಲ್ಲಿ ಹೇಳಿಕಳಿಸಿದ್ದೆ. ಊರವರು ನನ್ನನ್ನು ದೊಡ್ಡ ಮನಸ್ಸಿನವಳೆಂದು ಹೊಗಳಿದರು. ನೀನು ಕಾಗದ ಬರೆದೆ. ಇಷ್ಟು ವರ್ಷದ ಮೇಲೆ ರಾತ್ರಿ ನಿದ್ದೆ ಬಂತು, ನಿನ್ನ ಉಪಕಾರ ಮರೆಯಲಾರೆ ಎಂದಿದ್ದೆ. ಆ ಕಾಗದವನ್ನು ಇದರ ಜೊತೆ ಮಡಚಿ ಇಡುತ್ತಿದ್ದೇನೆ. ಅದು ನನಗೆ ಸೇರಿದ್ದಲ್ಲ, ನೀನೇ ಇಟ್ಟುಕೋ.

ನೀನು ಉತ್ತರ ಬರೆಯದಿದ್ದರೆ ಅದೇ ಉತ್ತರವೆಂದುಕೊಳ್ಳುತ್ತೇನೆ. ಲಿಯೊನೀಲ್ದೆ ಮುಂದಿನ ತಿಂಗಳು ಮತ್ತೆ ಬರುತ್ತಾಳೆ. ಈ ಸಲ ನನ್ನ ಹೆಸರನ್ನೂ ಸೇರಿಸಿ ಬರೆದುಕೋ ಎನ್ನುತ್ತೇನೆ.

ದೇವರು ನಿನ್ನ ಮುಂದಿನ ದಿನಗಳನ್ನಾದರೂ ಹಗುರ ಮಾಡಲಿ, ಅಣ್ಣ. ನನಗಾಗಿ ಏನನ್ನೂ ಬೇಡಬೇಡ.

ನಿನ್ನ ಒಡಹುಟ್ಟಿದವಳು,
ಜುಲ್ಮೀರಾ