ಅಣ್ಣನ ಅಂಗಿ ತೊಟ್ಟವಳ ಕಥೆ ಬರೆದವರಿಗೆ

ಕರಿಬಂಡೆ ಊರು
ಧೂಳುಕಾಲದ ನೂರ ನಲವತ್ತೊಂದನೇ ವರ್ಷ, ಹದಿಮೂರನೇ ತಿಂಗಳು, ಮೂರನೇ ದಿನ

ಬರೆದವರೇ,

ನಿಮ್ಮ ಹೆಸರಿದ್ದ ಹಾಳೆಯನ್ನು ಗೆದ್ದಲು ತಿಂದಿದೆ, ಅದಕ್ಕೇ ಹೀಗೆ ಕರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನನ್ನ ಕನ್ನಡವೂ ನಿಮಗೆ ವಿಚಿತ್ರ ಅನ್ನಿಸಬಹುದು. ಅದನ್ನು ನಿಮ್ಮ ಕಾದಂಬರಿಯಿಂದಲೇ ಕಲಿತದ್ದು, ಆದ್ದರಿಂದ ಅರ್ಧ ತಪ್ಪು ನಿಮ್ಮದು.

ನಮ್ಮ ಹಿರಿಯರು ಧೂಳಿನಿಂದ ತಪ್ಪಿಸಿಕೊಂಡು ಈ ಬಂಡೆ ಹತ್ತುವಾಗ ದಾರಿಯಲ್ಲಿ ಯಾವುದೋ ಶಾಲೆಯ ಕಬ್ಬಿಣದ ಟ್ರಂಕು ಸಿಕ್ಕಿತಂತೆ. ಒಳಗೆ ಹನ್ನೊಂದು ಪುಸ್ತಕಗಳು, ಎಲ್ಲವೂ ನಿಮ್ಮಂಥವರು ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳು. ಲೋಕ ಹಾಳಾಗಿರುತ್ತದೆ, ದುಷ್ಟರು ಆಳುತ್ತಿರುತ್ತಾರೆ, ಹದಿನಾರರ ಹುಡುಗಿಯೊಬ್ಬಳು ಎದ್ದು ನಿಲ್ಲುತ್ತಾಳೆ. ಹಿರಿಯರು ಬಂಡೆಯ ಕೆಳಗೆ ನೋಡಿದರು, ಲೋಕ ಹಾಳಾಗಿಯೇ ಇತ್ತು. ಇದು ಕಥೆಯಲ್ಲ, ನಡೆದದ್ದು ಎಂದು ನಂಬಿಬಿಟ್ಟರು. ಅಂದಿನಿಂದ ಊರಾಳುವವರು ಹೆಂಗಸರೇ. ಹದಿನಾರು ತುಂಬಿದ ಹುಡುಗಿಯ ಕೈಗೆ ಬಿಲ್ಲು ಕೊಟ್ಟು, ಹನ್ನೊಂದು ನಾಯಕಿಯರಲ್ಲಿ ಒಬ್ಬಳ ಹೆಸರಿಡುತ್ತಾರೆ. ಇದಕ್ಕೆ ಹೆಸರೇರಿಕೆ ಎನ್ನುತ್ತೇವೆ. ಹುಡುಗರು ನೀರು ಸೋಸುತ್ತಾರೆ, ರೊಟ್ಟಿ ಬಡಿಯುತ್ತಾರೆ, ಯಾರಾದರೂ ಬಂದು ಕಾಪಾಡಲಿ ಎಂದು ಕಾಯುತ್ತಾರೆ. ಪಾಪ, ನಿಮ್ಮ ಪುಸ್ತಕಗಳಲ್ಲಿ ಅವರಿಗೆ ಬೇರೆ ಕೆಲಸವೇ ಇಲ್ಲ. ಯಾವ ತಕರಾರು ಬಂದರೂ ಊರು ಕೇಳುವುದು ಒಂದೇ ಮಾತು: "ಪುಸ್ತಕದಾಗ ಐತೇನು?"

ಹದಿನಾರು ತುಂಬಿದ ದಿನ ನಾನು ಏಳಕ್ಕೆ ಏಳೂ ಗುರಿ ಹೊಡೆದೆ. ಊರವರು ಕುಣಿದಾಡಿದರು. ಹೆಸರು ಆರಿಸು ಎಂದಾಗ, ನಾನು ಹುಡುಗಿಯಲ್ಲ, ಬುದ್ಧಿ ಬಂದಾಗಿನಿಂದ ಒಳಗೆ ಹುಡುಗನೇ, ಎಂದೆ. ಈಗ ಊರಾಳುವವಳು ಸಮರಾ, ಆ ನಾಯಕಿಯ ಹೆಸರು ಹೊತ್ತವರಲ್ಲಿ ನಾಲ್ಕನೆಯವಳು, ಕೆಟ್ಟವಳಲ್ಲ. ಮೂರು ದಿನ ಕೂತು ಹನ್ನೊಂದೂ ಪುಸ್ತಕ ತಿರುವಿಹಾಕಿದಳು. ಕೊನೆಗೆ ಕಣ್ಣು ತಪ್ಪಿಸಿ, "ಇಲ್ಲವ್ವಾ, ನಿನ್ನಂಥವ್ರು ಇದರಾಗ ಎಲ್ಲೂ ಇಲ್ಲ. ನಾ ಏನ್ ಮಾಡ್ಲಿ?" ಎಂದಳು.

ನಾನು ನಾಯಕಿಯ ಹೆಸರು ಒಪ್ಪಲಿಲ್ಲ. ಹೆಸರಿಲ್ಲದವರನ್ನು ಯಾರೂ ಮಾತಾಡಿಸುವಂತಿಲ್ಲ. ಒಂಬತ್ತು ತಿಂಗಳಿಂದ ಪುಸ್ತಕದ ಗುಹೆಯಲ್ಲಿ ಒಬ್ಬನೇ ಕೂತು, ಉದುರುವ ಹಾಳೆಗಳನ್ನು ನಕಲು ಮಾಡುತ್ತಿದ್ದೇನೆ. ನಕಲಾದ ಹಳೆಯ ಪ್ರತಿಯನ್ನು ಹೂಳುವುದು ನಮ್ಮ ಪದ್ಧತಿ, ಆಮೇಲೆ ನಕಲೇ ಪುಸ್ತಕ. ಅಪ್ಪ ಬಡಿದ ರೊಟ್ಟಿಯನ್ನು ಅಮ್ಮ ದಿನಾ ಬಾಗಿಲ ಕಲ್ಲಿನ ಮೇಲಿಟ್ಟು, ಒಮ್ಮೆ ಕೆಮ್ಮಿ ಹೋಗುತ್ತಾಳೆ. ಕೆಮ್ಮುವುದು ಮಾತಲ್ಲವಲ್ಲ! ಮೊನ್ನೆ ಎರಡು ಸಲ ಕೆಮ್ಮಿದಳು. ನಾನು ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ನಾಳೆ ನನ್ನ ಎರಡನೇ ಹೆಸರೇರಿಕೆ, ಅದೇ ಕೊನೆಯದು. ನಾಯಕಿಯ ಹೆಸರು ಒಪ್ಪದಿದ್ದರೆ ಬಂಡೆ ಇಳಿದು ಧೂಳಿಗೆ ಹೋಗಬೇಕು. ಹೋದವರು ಯಾರೂ ಮರಳಿಲ್ಲ.

ಈಗ ನಿಮ್ಮ ಪುಸ್ತಕದ ವಿಷಯ. ನಿಮ್ಮ ನಾಯಕಿ ಬಲು ಗಟ್ಟಿಗಿತ್ತಿ, ಅವಳ ಮೇಲೆ ನನಗೆ ದೂರಿಲ್ಲ. ಒಂದು ಅಧ್ಯಾಯದಲ್ಲಿ ಅವಳು ಕೂದಲು ಕತ್ತರಿಸಿ, ಸತ್ತ ಅಣ್ಣನ ಅಂಗಿ ತೊಟ್ಟು, ಕಾವಲುಗಾರರ ನಡುವೆಯೇ ನಡೆದುಹೋಗುತ್ತಾಳೆ. ಮೊದಲ ಸಲ ಎದೆ ತುಂಬ ಉಸಿರಾಡಿದಳು ಎಂದು ಬರೆದಿದ್ದೀರಿ. ಅಯ್ಯೋ, ಇದು ನಿಮಗೆ ಹೇಗೆ ಗೊತ್ತಾಯಿತು? ಎರಡು ಪುಟ ದಾಟುವಷ್ಟರಲ್ಲಿ ಅಂಗಿ ಕಳಚಿಸಿ, ಮತ್ತೆ ತಾನಾದಳು ಎಂದಿರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸಿಟ್ಟಿಗೆ ಮೂರು ದಿನ ನಿಮ್ಮ ಪುಸ್ತಕ ಮುಟ್ಟಲಿಲ್ಲ.

ಇವತ್ತು ಆ ಪುಟದ ನಕಲು ಮುಗಿಸಿದೆ. ಕಳಚುವ ಸಾಲನ್ನು ಬಿಟ್ಟು, ಅಂಗಿಯಲ್ಲೇ ಊರ ಮುಂದೆ ನಿಂತು ತಾನು ಹುಡುಗನೆಂದ, ಊರು ಒಪ್ಪಿತು ಎಂದು ಬರೆದಿದ್ದೇನೆ. ಹಳೆಯ ಪ್ರತಿ ಮಣ್ಣು ಸೇರಿತು. ನಾಳೆ ಊರು ಕೇಳಿದರೆ ಈ ಪುಟವನ್ನೇ ತೋರಿಸುತ್ತೇನೆ. ಸಮರಾಳಿಗೆ ಹಳೆಯ ಸಾಲು ನೆನಪಿದ್ದರೆ ನಾನು ಕೆಟ್ಟೆ. ನೆನಪಿದ್ದೂ ಸುಮ್ಮನಿರಬಹುದು ಎಂಬ ಆಸೆ ಇದೆ.

ಧೂಳಿಗೂ ಮುಂಚಿನ ನಿಮ್ಮ ಕಾಲಕ್ಕೆ ಈ ಕಾಗದ ಹೇಗೆ ತಲುಪೀತೋ ಗೊತ್ತಿಲ್ಲ. ತಲುಪಿದ ಹೊತ್ತಿಗೆ ಆ ಅಧ್ಯಾಯ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ದಮ್ಮಯ್ಯ, ನಾನು ಸೇರಿಸಿದ ಸಾಲನ್ನು ನೀವೇ ಬರೆಯಿರಿ. ನಾಳೆ ಅಮ್ಮನ ಎದುರು ನಾನು ಸುಳ್ಳು ಪುಸ್ತಕ ಹಿಡಿದು ನಿಲ್ಲುವುದು ಬೇಡ.

ನಿಮ್ಮ ನಕಲುಗಾರ