ಮೀನುಗಾರರಿಲ್ಲದ ಕೊಲ್ಲಿಯಿಂದ, ಪರಿಸರ ಅನುಮತಿ ಕೊಡುವ ಅಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಕೊಲ್ಲಿಯಲ್ಲಿ ಮೀನುಗಾರಿಕೆಯೇ ಇಲ್ಲ ಎಂಬ ವರದಿಯನ್ನು ನಂಬಿ, ಹೈಡ್ರೋಜನ್ ಕಾರ್ಖಾನೆಯ ಉಪ್ಪುನೀರನ್ನು ಇಲ್ಲಿಗೇ ಬಿಡಲು ನೀವು ಸಹಿ ಹಾಕಿದ್ದೀರಿ. ಇಪ್ಪತ್ತೆರಡು ವರ್ಷ ಇದೇ ಕೊಲ್ಲಿಯಲ್ಲಿ ಲಾಬ್‌ಸ್ಟರ್ ಹಿಡಿದು ಮೂವರು ಮಕ್ಕಳನ್ನು ಸಾಕಿದ ನಾನು ಯಾರು, ದೆವ್ವವೇ?

ವರದಿಯವರು ಬಂದದ್ದು ಜುಲೈನಲ್ಲಿ. ಮೇ ತಿಂಗಳಿಂದ ಅಕ್ಟೋಬರ್ ಕೊನೆಯವರೆಗೆ ಲಾಬ್‌ಸ್ಟರ್ ಹಿಡಿಯಬಾರದೆಂದು ಕಾನೂನು ಮಾಡಿದ್ದು ನಿಮ್ಮ ಸರ್ಕಾರವೇ. ದೋಣಿಗಳೆಲ್ಲ ಮರಳ ಮೇಲೆ ಮಗುಚಿ ಬಿದ್ದಿದ್ದವು. ನಾನೂ ನನ್ನ ದೋಣಿಯಲ್ಲಿ ದುಡಿಯುವ ಹಿಸ್ಕಿಯಾ ಅಜ್ಜನೂ ಲಾಬ್‌ಸ್ಟರ್ ಹಿಡಿಯುವ ಬೋನುಗಳಿಗೆ ಹಗ್ಗ ಹೆಣೆಯುತ್ತಾ ಕೂತಿದ್ದೆವು.

"ಇಲ್ಲಿ ಯಾರೂ ಸಮುದ್ರಕ್ಕೆ ಇಳಿಯಲ್ವಾ?" ಎಂದ, ಅವರಲ್ಲೊಬ್ಬ ಟೋಪಿಯವನು.

"ಈಗ ಇಳಿದ್ರೆ ಜೈಲು ಕಣಪ್ಪಾ. ನವೆಂಬರ್ ಒಂದಕ್ಕೆ ಬಾ, ಕಾಲಿಡೋಕೂ ಜಾಗ ಸಿಗಲ್ಲ" ಎಂದರು ಅಜ್ಜ.

"ಅಷ್ಟೊತ್ತಿಗೆ ವರದಿ ಕೊಟ್ಟಾಗಿರುತ್ತೆ ಅಜ್ಜ."

"ಹಾಗಾದ್ರೆ ಕಂಡಿದ್ದನ್ನ ಬರ್ಕೊ. ಈ ಹಗ್ಗ ಹೆಣೀತಿರೋದು ನೇಣು ಹಾಕ್ಕೊಳೋಕಲ್ಲ ಅಂತ್ಲೂ ಬರ್ಕೊ."

ಅವನು ನಕ್ಕ. ಬರೆದದ್ದು ಮಾತ್ರ 'ದೋಣಿ ಸಂಚಾರ: ಶೂನ್ಯ' ಎಂದು.

ಹೊಗೆಯಿಲ್ಲದ ಇಂಧನ ಬೇಡವೆಂದು ನಾನು ಹೇಳುತ್ತಿಲ್ಲ. ಗಾಳಿ ನಮ್ಮದು, ಬಿಸಿಲು ನಮ್ಮದು, ಹಡಗು ಹತ್ತಿ ಹೋಗುವ ಇಂಧನ ಯುರೋಪಿನದು. ಹೈಡ್ರೋಜನ್ ತೆಗೆಯಲು ಸಿಹಿನೀರು ಬೇಕು, ನಮ್ಮ ನಾಮಿಬ್ ಮರಳುಗಾಡಿನಲ್ಲಿ ಅದಿಲ್ಲವೆಂದು ಸಮುದ್ರವನ್ನೇ ಸೋಸುತ್ತಾರೆ. ಉಳಿದ ಕಡು ಉಪ್ಪುನೀರನ್ನು ಲಾಬ್‌ಸ್ಟರ್ ಮರಿಗಳು ಬೆಳೆಯುವ ಬಂಡೆಗಳ ಮೇಲೆ ಸುರಿಯುತ್ತಾರೆ. ನಮ್ಮ ಪಾಲಿಗೆ ಬಂದದ್ದು ಅದೇ. ನಿಮ್ಮ ಹಸಿರು ಪ್ರಮಾಣಪತ್ರ ಹೊಗೆಯನ್ನು ಅಳೆಯುತ್ತದೆ, ಉಪ್ಪನ್ನು ಅಳೆಯುವುದಿಲ್ಲ. ಆ ಉಪ್ಪುನೀರಿನ ಕೊಳವೆಯನ್ನು ಆಳದ ನೀರಿಗೆ ಒಯ್ದರೆ ಖರ್ಚು ಹೆಚ್ಚಂತೆ. ಯಾರಿಗೆ?

ಏಳು ವರ್ಷದ ಹಿಂದೆ ಹಿಸ್ಕಿಯಾ ಅಜ್ಜ ಅಕ್ಟೋಬರ್ ಮೂವತ್ತೊಂದರಂದು ಬೋನು ಇಳಿಸಿದರು. ಒಂದೇ ಒಂದು ದಿನ ಮೊದಲು. ನಿಮ್ಮ ಕಟ್ಟಡದ ಕೆಳಮಹಡಿಯ ಮೀನುಗಾರಿಕೆ ಕಚೇರಿಯವರು ಅವರ ದೋಣಿಯನ್ನೇ ಕಿತ್ತುಕೊಂಡರು. ಅದು ಇಂದಿಗೂ ನಿಮ್ಮ ಅಂಗಳದಲ್ಲಿ ಒಣಗಿ ಬಿರುಕು ಬಿಡುತ್ತಿದೆ, ನಿಮ್ಮ ಕಿಟಕಿಯಿಂದ ಕಾಣುತ್ತದೆ. ಒಂದು ದಿನ ಮೊದಲು ಇಳಿದ ಮುದುಕನಿಗೆ ಆ ಶಿಕ್ಷೆ. ನಾಲ್ಕು ತಿಂಗಳು ಮೊದಲು ಬಂದವರ ವರದಿಗೆ ನಿಮ್ಮ ಸಹಿ. ಕಾನೂನು ಪಾಲಿಸಿ ದಡದಲ್ಲಿ ಕೂತದ್ದನ್ನೇ ನಮ್ಮ ವಿರುದ್ಧ ಸಾಕ್ಷಿ ಮಾಡಿದಿರಲ್ಲ? ನನಗಿರುವುದು ಸಿಟ್ಟಲ್ಲ, ಹಗೆ. ತೀರಿಸಿಕೊಳ್ಳದೆ ಬಿಡುವವಳೂ ಅಲ್ಲ.

ಅನುಮತಿ ರದ್ದು ಮಾಡಿ. ನವೆಂಬರಿನಲ್ಲಿ ಮತ್ತೆ ಸಮೀಕ್ಷೆ ಮಾಡಿಸಿ. ಅಜ್ಜನ ದೋಣಿ ಹಿಂದಿರುಗಿಸಿ. ಇಲ್ಲದಿದ್ದರೆ ನವೆಂಬರ್ ಒಂದರ ಬೆಳಗ್ಗೆ, ಕೊಳವೆ ಹೂಳುವ ಜಾಗದಲ್ಲೇ ಇಪ್ಪತ್ತಮೂರು ದೋಣಿಗಳು ಬೋನು ಇಳಿಸುತ್ತವೆ. ಪೊಲೀಸರನ್ನು ಕಳಿಸುತ್ತೀರಾ? ಕಳಿಸಿ, ಸಂತೋಷ. ಆದರೆ ನಮ್ಮನ್ನು ಹಿಡಿಯಬೇಕಾದರೆ, ಈ ಕೊಲ್ಲಿಯಲ್ಲಿ ಮೀನುಗಾರರಿದ್ದಾರೆ ಎಂದು ಮೊದಲು ನಿಮ್ಮ ಕೈಯಾರೆ ಬರೆಯಬೇಕಾಗುತ್ತದೆ.

ಇಂತಿ,
ನಿಮ್ಮ ವರದಿಯಲ್ಲಿ ಇಲ್ಲದವಳು,
ಅಲೆಟ್ಟಾ ಇಸಾಕ್