ನೀಲಗಂಗಾ ಎಂಬ ಹೆಸರು

ತೇಲೂರು, ಇಸವಿ ೨೩೪೭, ಹದಿಮೂರನೆಯ ತಿಂಗಳು, ಉಪ್ಪುಗಾಳಿಯ ಮೂರನೆಯ ದಿನ

ಅಜ್ಜಿ,

ನನ್ನ ಕನ್ನಡ ನಿಮಗೆ ಒರಟಾಗಿ ಕೇಳಿಸಬಹುದು. ನಿಮ್ಮ ಕಾಲದ ಮಾತನ್ನು ಹಳೆಯ ಮುದ್ರಣಗಳಿಂದ ಕಲಿತವಳು ನಾನು, ಭಾಷೆಯ ತಪ್ಪಿದ್ದರೆ ಕ್ಷಮಿಸಿ. ಉಳಿದದ್ದಕ್ಕೆ ಕ್ಷಮೆ ಕೇಳುವವಳಲ್ಲ. ಹನ್ನೊಂದು ತಲೆಮಾರಿನಾಚೆ ನಿಮ್ಮ ವಂಶದಲ್ಲೇ ಹುಟ್ಟಿದ್ದೇನೆ, ಹೆಸರು ನಿರಂಜನಿ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಆಯುಷ್ಯದಲ್ಲಿ ಒಂದು ಹಿಂಚೀಟಿ ಸಿಗುತ್ತದೆ, ಅಂದರೆ ಕಾಲದ ಹಿಂದಕ್ಕೆ ಕಳಿಸಬಹುದಾದ ಒಂದು ಕಾಗದ. ಅದರಿಂದ ಇಲ್ಲಿ ನಡೆದದ್ದೇನೂ ಬದಲಾಗುವುದಿಲ್ಲ, ಓದಿದವರಿಗೆ ವಿಷಯ ತಿಳಿಯುತ್ತದೆ, ಅಷ್ಟೆ. ಎಲ್ಲರೂ ಅದನ್ನು ಹಿರಿಯರಿಗೆ ನಮಸ್ಕಾರ ಹೇಳಲು ಬಳಸುತ್ತಾರೆ. ನಾನು ನಿಮ್ಮ ನೆಮ್ಮದಿ ಕೆಡಿಸಲು ಬಳಸುತ್ತಿದ್ದೇನೆ.

ನೀವು ಶಿಕ್ಷಕರಿಗೆ ತರಬೇತಿ ಕೊಡುವವರು. ನಿಮ್ಮ ಕಾಲದಲ್ಲಿ ಮನೆಮನೆಯಲ್ಲೂ ಓದುತ್ತಿದ್ದ ಮಾಯಾಕಥೆ 'ಏಳು ಬಾಗಿಲ ಗುರುಕುಲ'. ಅದರಲ್ಲಿ ಕಾಳಿಂಗಾಚಾರ್ಯನೆಂಬ ಮಾಂತ್ರಿಕ ಗುರು, ಪ್ರಶ್ನೆ ಕೇಳಿದ ಶಿಷ್ಯರ ದನಿಯನ್ನು ಮಡಕೆಯಲ್ಲಿ ಮುಚ್ಚಿಡುತ್ತಾನೆ. ದನಿ ಕಳೆದುಕೊಂಡ ಹುಡುಗ ಒಳಗೊಳಗೇ ಬೆಂದು, ಮೂರನೆಯ ಸಂಪುಟದ ಕೊನೆಗೆ ಎಲ್ಲರನ್ನೂ ಮೀರಿಸುತ್ತಾನೆ. ನೀವು ಅದನ್ನು ಓದಿ ರೋಮಾಂಚನಗೊಂಡು 'ಕಾಳಿಂಗಾಚಾರ್ಯನಿಂದ ಶಿಕ್ಷಕರು ಕಲಿಯಬೇಕಾದದ್ದು' ಎಂಬ ಪ್ರಬಂಧ ಬರೆದಿರಿ. "ಪ್ರಶ್ನೆಗೆ ಉತ್ತರ ಕೊಡಬೇಡಿ, ಅದು ಮಗುವಿನ ಹೊಟ್ಟೆಯಲ್ಲೇ ಬೇಯಲಿ" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಪ್ರಬಂಧದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿದೆ: ನಾಲ್ಕನೆಯ ಸಂಪುಟ ಮನೆಗೆ ಬಂದಿದೆ, ಓದಲು ಪುರುಸೊತ್ತಾಗಿಲ್ಲ, ಓದುವ ಅಗತ್ಯವೂ ಕಾಣುವುದಿಲ್ಲ. ಎಂಥ ಪುಣ್ಯಾತ್ಮರು ನೀವು.

ಸಮುದ್ರ ಏರಿ ಊರುಗಳು ಮುಳುಗಿದ ಮೇಲೆ, ನೀರಿನ ಮೇಲೆ ತೇಲುವ ಈ ಊರನ್ನು ಕಟ್ಟಿದರು. ಕಟ್ಟಿದವರ ಕೈಗೆ ಪಾಠ ಹೇಳುವ ವಿಷಯದಲ್ಲಿ ಸಿಕ್ಕಿದ್ದು ನಿಮ್ಮ ಪ್ರಬಂಧ ಒಂದೇ. ಅದನ್ನೇ ತಲೆಯ ಮೇಲೆ ಹೊತ್ತು ಮೆರೆಸಿದರು. ಮಡಕೆಯ ಬದಲು ಮೌನಪಟ್ಟಿ ಬಂತು. ಅದು ಕುತ್ತಿಗೆಗೆ ಕಟ್ಟುವ ಬಟ್ಟೆ, ಮಗುವಿನ ದನಿಯನ್ನು ಹೊರಡುವಲ್ಲೇ ನುಂಗುತ್ತದೆ. ಮಕ್ಕಳು ಬೆಳಿಗ್ಗೆ ಪಾಚಿರೊಟ್ಟಿ ತಿಂದು, ಪಟ್ಟಿ ಕಟ್ಟಿಕೊಂಡು, ಹಗ್ಗದ ಸೇತುವೆ ದಾಟಿ ಶಾಲೆಗೆ ಹೋಗುತ್ತಾರೆ. ಸಂಜೆ ಮನೆಗೆ ಬಂದು ಪಟ್ಟಿ ಬಿಚ್ಚುವ ಹೊತ್ತಿಗೆ ಕೇಳಬೇಕಾದದ್ದು ಅರ್ಧ ಮರೆತಿರುತ್ತದೆ. ವರ್ಷಕ್ಕೊಮ್ಮೆ ಪ್ರಶ್ನೆಹಬ್ಬ, ಆಗ ಒಂದೊಂದು ಪ್ರಶ್ನೆ ಕೇಳಬಹುದು. ಶಾಲೆಯ ಬಾಗಿಲ ಕಲ್ಲಿನ ಮೇಲೆ 'ಮಹಾಗುರು ನೀಲಗಂಗಾ' ಎಂದು ನಿಮ್ಮ ಹೆಸರಿತ್ತು. ನಮ್ಮ ಮನೆಯಲ್ಲಿ ಅದರ ಜಂಬ ಕೇಳಬೇಡಿ. ನನ್ನ ತಂಗಿ ಹುಟ್ಟಿದಾಗ ಅವ್ವ ಅವಳಿಗೆ ಆ ಹೆಸರನ್ನೇ ಇಟ್ಟಳು. "ದೊಡ್ಡಾಕಿ ಹೆಸರದು, ನಮ್ಮಾಕಿನೂ ಹಂಗೇ ಆಗ್ತಾಳ ನೋಡ್ತಿರು" ಎನ್ನುತ್ತಿದ್ದಳು.

ನನ್ನ ತಂಗಿ ನೀಲಿಗೆ ಹನ್ನೊಂದು ವರ್ಷವಾಗಿದ್ದಾಗ ನಡೆದದ್ದು ಇದು. ಸಮುದ್ರದ ನೀರನ್ನು ಕಾಯಿಸಿ ಉಪ್ಪು ತೆಗೆಯುವ ಬಾನಿಯ ಕೆಲಸ ಇಲ್ಲಿ ಎಲ್ಲ ಮಕ್ಕಳಿಗೂ ಕಲಿಸುತ್ತಾರೆ. ಆವಿ ಬಿಡುವ ತಿರುಪನ್ನು ಯಾವ ಕಡೆ ತಿರುಗಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಕೈ ಎತ್ತಿದಳು. ಪಟ್ಟಿ ಕಟ್ಟಿದ್ದರೂ ಬಾಯಿ ಆಡಿಸಿದಳು. ಗುರುಗಳು ನೋಡಿದರು, ಪ್ರಬಂಧದಲ್ಲಿ ಹೇಳಿದಂತೆ ಮುಗುಳ್ನಕ್ಕು ಮುಖ ತಿರುಗಿಸಿದರು. ಅವಳು ತಿರುಪನ್ನು ಬಲಕ್ಕೆ ತಿರುಗಿಸಿದಳು. ಎಡಕ್ಕೆ ತಿರುಗಿಸಬೇಕಿತ್ತು. ಬಾನಿ ಒಡೆದು ಕುದಿನೀರು ಮೈಮೇಲೆ ಬಿತ್ತು. ಅವಳು ಕಿರುಚಿದ್ದು ಪಕ್ಕದಲ್ಲಿ ನಿಂತ ಮಕ್ಕಳಿಗೂ ಕೇಳಿಸಲಿಲ್ಲ. ಆ ಸಂಜೆಯೇ ತೀರಿಕೊಂಡಳು. ಅವ್ವ ಆ ದಿನದಿಂದ ಯಾರ ಹತ್ತಿರವೂ ಮಾತಾಡಿಲ್ಲ, ಅವಳಿಗೆ ಪಟ್ಟಿಯೇ ಬೇಕಾಗಲಿಲ್ಲ.

ಹೋದ ವರ್ಷ, ಮುಳುಗಿದ ಒಂದು ಗ್ರಂಥಾಲಯದಿಂದ ನಾಲ್ಕನೆಯ ಸಂಪುಟ ಮೇಲೆ ಬಂತು. ನಿಮಗೆ ಪುರುಸೊತ್ತಿರಲಿಲ್ಲವಲ್ಲ, ನಾನೇ ಓದಿ ಹೇಳುತ್ತೇನೆ. ಗುರುಕುಲಕ್ಕೆ ಬೆಂಕಿ ಬೀಳುತ್ತದೆ. ಕಾಳಿಂಗಾಚಾರ್ಯ ಮಡಕೆಗಳನ್ನು ಒಂದೊಂದಾಗಿ ಒಡೆಯುತ್ತಾನೆ. ಬೆಂಕಿಗೆ ಮೊದಲೇ ಅವನು ಮುಚ್ಚಿಟ್ಟಿದ್ದ ಒಂದರಿಂದ ಪುಟ್ಟ ಹುಡುಗಿಯ ದನಿ ಹೊರಬಂದು, ಗುರುಗಳೇ, ಅಟ್ಟದ ಮೇಲೆ ಹೊಗೆ ಯಾಕೆ ಬರ್ತಿದೆ ಎಂದು ಕೇಳುತ್ತದೆ. ಅವನು ಮಕ್ಕಳ ಕಾಲಿಗೆ ಬಿದ್ದು ಅಳುತ್ತಾನೆ. ಇಡೀ ಕಥೆ ಬರೆದದ್ದೇ ಆ ಪುಟಕ್ಕಾಗಿ. ಅದು ನಿಮ್ಮ ಮನೆಯ ಕಪಾಟಿನಲ್ಲೇ ಇತ್ತು.

ನಾನು ಅದನ್ನು ಊರಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಪಟ್ಟಿಗಳನ್ನು ಸುಟ್ಟರು. ನಿಮ್ಮ ಹೆಸರನ್ನು ಬೈಗುಳ ಮಾಡೋಣ, ಮಕ್ಕಳು ಅದನ್ನು ಹೇಳಿ ಉಗುಳಲಿ ಎಂದು ಜನ ಕೂಗಿದರು. ನನಗೂ ಅದೇ ಬೇಕಿತ್ತು. ಆದರೆ ಅದು ನನ್ನ ತಂಗಿಯ ಹೆಸರು. ನಿಮ್ಮ ಮೇಲಿನ ಸಿಟ್ಟಿಗೆ ಅವಳ ಮೇಲೆ ಉಗುಳಿಸಲೇ? ಹಾಗಂತ ನಿಮ್ಮನ್ನು ಸುಮ್ಮನೆ ಬಿಟ್ಟೆನೆಂದು ತಿಳಿಯಬೇಡಿ.

ಕಲ್ಲಿನ ಮೇಲಿದ್ದ 'ಮಹಾಗುರು' ಎಂಬುದನ್ನು ನನ್ನ ಕೈಯಾರೆ ಕೆತ್ತಿ ತೆಗೆದೆ. ಪ್ರಬಂಧದ ಪ್ರತಿಗಳಿಂದ, ನಮ್ಮ ವಂಶಾವಳಿಯಿಂದ ನಿಮ್ಮನ್ನು ಅಳಿಸಿದೆ. ಹೆಸರು ಮಾತ್ರ ಕಲ್ಲಿನ ಮೇಲೆ ಉಳಿದಿದೆ. ಅದು ಯಾರ ಹೆಸರೆಂದು ಹೊಸ ಮಕ್ಕಳು ಕೇಳುತ್ತಾರೆ, ಶಿಕ್ಷಕರು ತಕ್ಷಣ ಉತ್ತರ ಹೇಳುತ್ತಾರೆ: ನೀಲಗಂಗಾ ಎಂಬ ಹನ್ನೊಂದು ವರ್ಷದ ಹುಡುಗಿ ಇದ್ದಳು, ಅವಳಿಗೆ ಗುರುಗಳನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ಆ ಹೆಸರಿನವರು ಬೇರೆ ಯಾರಾದರೂ ಇದ್ದರೇ ಎಂದು ಕೇಳಿದರೆ, ಇರಲಿಲ್ಲ ಎನ್ನುತ್ತಾರೆ.

ನಿರಂಜನಿ